ಕಾರ್ಡ್ ಇದ್ದ ಮಾತ್ರಕ್ಕೆ ಕತ್ತಿ ಅಸಲಿಯಲ್ಲ

ಟೋಕಿಯೊದ ಒಂದು ಹಳೇ ಕತ್ತಿ ಅಂಗಡಿಯಲ್ಲಿ ನನ್ನ ಕೆಲಸ. ಕತ್ತಿ ಕೊಳ್ಳುವುದು, ಬೆಲೆ ಕಟ್ಟುವುದು ಯಜಮಾನರ ಪಾಲು. ಅಳತೆ, ಫೋಟೊ, ಹೊರದೇಶದ ಗಿರಾಕಿಗಳ ಮೇಲ್, ರಫ್ತಿನ ಕಾಗದಪತ್ರ ನನ್ನ ಪಾಲು. ಈ ಮೇಲ್‌ಗಳಲ್ಲಿ ಎಲ್ಲಕ್ಕಿಂತ ಜಾಸ್ತಿ ಬರುವ ಪ್ರಶ್ನೆ ಒಂದೇ: ಇದಕ್ಕೆ ಸರ್ಕಾರದ ಸರ್ಟಿಫಿಕೇಟ್ ಇದೆಯಲ್ಲ, ಹಾಗಾದ್ರೆ ಅಸಲಿ ತಾನೇ? ಅಲ್ಲ. ಇತ್ತೀಚೆಗೆ ಬೆಂಗಳೂರಿನವರೂ ಇದನ್ನೇ ಕೇಳಲು ಶುರು ಮಾಡಿದ್ದಾರೆ. ಹಾಗಾಗಿ ಒಮ್ಮೆ ಕನ್ನಡದಲ್ಲೇ ಬರೆದಿಡೋಣ ಅನ್ನಿಸಿತು.

ಜಪಾನಿನಲ್ಲಿ ಹಳೇ ಕತ್ತಿ ಇಟ್ಟುಕೊಳ್ಳಲು ಮನುಷ್ಯನಿಗೆ ಲೈಸೆನ್ಸ್ ಬೇಕಿಲ್ಲ. ನೋಂದಣಿ ಇರಬೇಕಾದ್ದು ಕತ್ತಿಗೆ. ಆ ನೋಂದಣಿಯ ಕಾರ್ಡಿಗೆ ತೊರೊಕುಶೊ ಅನ್ನುತ್ತಾರೆ. ಅದನ್ನು ಕೊಡುವುದು ಪೊಲೀಸರಲ್ಲ, ಆಯಾ ಪ್ರಾಂತ್ಯದ ಶಿಕ್ಷಣ ಮಂಡಳಿ. ಕೇಳಿದವರಿಗೆಲ್ಲ ಇದು ವಿಚಿತ್ರ ಅನ್ನಿಸುತ್ತದೆ. ಕಾರಣ ಇಷ್ಟೇ, ಕಾನೂನು ಇವನ್ನು ಕಲಾವಸ್ತು ಅಂತ ನೋಡುತ್ತದೆ. ಕತ್ತಿ ಕೈ ಬದಲಾದರೆ ಹೊಸ ಮಾಲೀಕ 20 ದಿನದೊಳಗೆ ಆ ಮಂಡಳಿಗೆ ತಿಳಿಸಬೇಕು. ಅಜ್ಜನ ಕಾಲದ ಉಗ್ರಾಣದಲ್ಲಿ ಕಾರ್ಡಿಲ್ಲದ ಕತ್ತಿ ಸಿಕ್ಕಿತು ಅಂದುಕೊಳ್ಳಿ. ಮೊದಲು ಪೊಲೀಸ್ ಠಾಣೆಗೆ ಹೋಗಿ ಸಿಕ್ಕಿದ್ದಾಗಿ ಬರೆಸಬೇಕು. ಆಮೇಲೆ ಮಂಡಳಿಯ ತಪಾಸಣೆಗೆ ಒಯ್ಯಬೇಕು.

ಕಾರ್ಡಿನಲ್ಲಿ ಏನಿರುತ್ತದೆ? ಕತ್ತಿಯ ಬಗೆ, ಉದ್ದ, ಬಾಗು, ಹಿಡಿಯನ್ನು ಹಿಡಿದಿಡುವ ಬಿದಿರಿನ ಆಣಿಗೆ ಎಷ್ಟು ತೂತಿವೆ, ಮಾಡಿದ ಕಮ್ಮಾರನ ಹೆಸರು ಕೆತ್ತಿದ್ದರೆ ಆ ಹೆಸರು. ಅಷ್ಟೇ. ಆ ಹೆಸರನ್ನು ಅಲ್ಲಿ ಕಂಡ ಹಾಗೇ ಬರೆದುಕೊಳ್ಳುತ್ತಾರೆ. ಆ ಕಮ್ಮಾರನೇ ಕೆತ್ತಿದನೋ, ಇನ್ನೂರು ವರ್ಷ ಬಿಟ್ಟು ಬೇರೆ ಯಾರೋ ಕೆತ್ತಿದರೋ ಅಂತ ಈ ಕಾರ್ಡ್ ಹೇಳುವುದಿಲ್ಲ. ಹೇಳುವುದು ಅದರ ಕೆಲಸವೂ ಅಲ್ಲ. ನಮ್ಮ ಗಾಡಿಗಳ ಆರ್‌ಸಿ ಇದ್ದ ಹಾಗೆ: ಚಾಸಿ ನಂಬರ್ ಸರಿಯಾಗಿದೆ ಅನ್ನುತ್ತದೆ, ಎಂಜಿನ್ ಹೇಗಿದೆ ಅಂತ ಹೇಳುವುದಿಲ್ಲ.

ಎಲ್ಲರೂ ಕೇಳಿರುವ ಹೆಸರು ಕೊತೆತ್ಸು. 17ನೇ ಶತಮಾನದ ಎದೊದ, ಅಂದರೆ ಇವತ್ತಿನ ಟೋಕಿಯೊದ, ಕಮ್ಮಾರ. ಮೊದಲು ರಕ್ಷಾಕವಚ ಮಾಡುತ್ತಿದ್ದವನು, ವಯಸ್ಸಾದ ಮೇಲೆ ಕತ್ತಿಗೆ ಕೈ ಹಾಕಿದ. ಆಗಲೇ ಎಷ್ಟು ಹೆಸರು ಮಾಡಿದ ಅಂದ್ರೆ, ನಕಲು ಮಾಡುವವರಿಗೆ ಇವನೇ ಅನ್ನದಾತನಾದ. ಕೊತೆತ್ಸು ಕಂಡರೆ ನಕಲಿ ಅಂತಲೇ ತಿಳಿ ಅನ್ನುವುದು ಈ ವ್ಯಾಪಾರದಲ್ಲಿ ಹಳೇ ಮಾತು. ಆದರೂ ಕೊತೆತ್ಸು ಅಂತ ಬರೆದ ತೊರೊಕುಶೊ ಹಿಡಿದು ಬರುವವರು ಇದ್ದೇ ಇದ್ದಾರೆ, ಮತ್ತು ಅವರ ಕಾರ್ಡಿನಲ್ಲಿ ಒಂದಕ್ಷರವೂ ಸುಳ್ಳಿರುವುದಿಲ್ಲ, ಏಕೆಂದರೆ ಕತ್ತಿಯ ಮೇಲೆ ನಿಜವಾಗಿಯೂ ಹಾಗೇ ಕೆತ್ತಿದೆ.

ಹಾಗಾದ್ರೆ ನೋಡುವುದು ಎಲ್ಲಿ? ನಕಾಗೊದಲ್ಲಿ. ಹಿಡಿಯೊಳಗೆ ಅಡಗಿ ಕೂರುವ, ಸಾಣೆ ಹಿಡಿಯದ ಭಾಗ ಅದು. ಹೆಸರು ಕೆತ್ತುವುದೂ ಅಲ್ಲೇ. ಆಣಿ ಬಡಿದು ತೆಗೆದು ಹಿಡಿ ಕಳಚಿದರೆ ತುಕ್ಕು ಹಿಡಿದ ಕಬ್ಬಿಣದ ತುಂಡು, ಹೊಸಬರಿಗೆ ಅಸಹ್ಯ ಅನ್ನಿಸಬಹುದು. ನನಗೆ ಇಡೀ ಕತ್ತಿಯಲ್ಲಿ ಅತಿ ಇಷ್ಟ ಇದೇ. ದೀಪವನ್ನು ಓರೆಯಾಗಿ ಹಿಡಿದರೆ ಅರದ ಗೆರೆಗಳು ಏಳುತ್ತವೆ. ಅಡ್ಡವೋ ಓರೆಯೋ ಅನ್ನುವುದು ಮನೆತನದಿಂದ ಮನೆತನಕ್ಕೆ ಬೇರೆ. ಆಣಿಯ ತೂತು ಹಳೆಯದಾದರೆ ಬಡಿದು ತೆರೆದದ್ದು, ಅಂಚು ಸ್ವಲ್ಪ ಸೊಟ್ಟ. ಡ್ರಿಲ್ ಹಾಕಿದ ತೂತು ಗುಂಡಗೆ, ನೀಟಾಗಿ ಕಾಣುತ್ತದೆ. ಹೆಸರು ಕೆತ್ತುವಾಗ ಉಳಿಯ ಏಟು ಬಿದ್ದ ಕಡೆ ಕಬ್ಬಿಣ ಬದಿಗೆ ಸರಿದು ತುಟಿಯ ಹಾಗೆ ಎದ್ದಿರುತ್ತದೆ. ನಾನು ಮೊದಲು ನೋಡುವುದು ಆ ಗೀರಿನ ಒಳಗಿನ ತುಕ್ಕನ್ನು. ಸುತ್ತಲೂ ಕಪ್ಪಗೆ ನುಣ್ಣಗಿದ್ದು, ಗೀರಿನ ತಳದಲ್ಲಿ ಮಾತ್ರ ಕೆಂಪು ಪುಡಿಪುಡಿ ತುಕ್ಕು ಕಂಡರೆ, ಹೆಸರು ನಕಾಗೊಗಿಂತ ಚಿಕ್ಕ ವಯಸ್ಸಿನದು ಅನ್ನುವ ಅನುಮಾನ ಬರಲೇಬೇಕು.

ಅದಕ್ಕೇ ಈ ತುಕ್ಕನ್ನು ಯಾರೂ ಮುಟ್ಟಬಾರದು. ಯಾರೋ ಒಬ್ಬ ಗಿರಾಕಿ ಸ್ಟೀಲ್ ಉಣ್ಣೆ ಹಾಕಿ ತಿಕ್ಕಿ, "ಕ್ಲೀನ್ ಮಾಡಿದ್ದೇನೆ, ಈಗ ಅಕ್ಷರ ಚೆನ್ನಾಗಿ ಕಾಣುತ್ತೆ" ಅಂತ ಫೋಟೊ ಕಳಿಸಿದ್ದರು. ಅಕ್ಷರ ಕಂಡಿತು ನಿಜ. ಸಾಕ್ಷಿ ಹೋಯಿತು, ಜೊತೆಗೆ ಬೆಲೆಯೂ ಹೋಯಿತು.

ಹೆಸರು ಅಸಲಿಯಾದರೂ ಕಥೆ ಮುಗಿಯುವುದಿಲ್ಲ. ಸುಕೆಸಾದಾ ಅನ್ನುವ ಹೆಸರನ್ನೇ ತೆಗೆದುಕೊಳ್ಳಿ. ಇವತ್ತಿನ ಒಕಾಯಾಮದಲ್ಲಿರುವ ಓಸಾಫುನೆ ಊರಿನಲ್ಲಿ, ಅಂದರೆ ಹಳೇ ಬಿಜೆನ್ ಸೀಮೆಯಲ್ಲಿ, ಈ ಹೆಸರಿಟ್ಟುಕೊಂಡ ಕಮ್ಮಾರರು ಲೆಕ್ಕವಿಲ್ಲದಷ್ಟು ಜನ. 16ನೇ ಶತಮಾನದಲ್ಲಿ ಊರೂರಿಗೂ ಯುದ್ಧ. ಕತ್ತಿಗಳನ್ನು ಕಟ್ಟುಕಟ್ಟಾಗಿ ಮಾಡಿ ಕಳಿಸುತ್ತಿದ್ದರು. ಒಮ್ಮೆ ನಮ್ಮ ಮೇಜಿನ ಮೇಲೆ ಎರಡು ಸುಕೆಸಾದಾ ಪಕ್ಕಪಕ್ಕ ಇದ್ದವು. ಒಂದರಲ್ಲಿ "ಬಿಶು ಓಸಾಫುನೆ ಸುಕೆಸಾದಾ" ಅಂತ ಚುಟುಕಾಗಿ ಕೆತ್ತಿತ್ತು (ಬಿಶು ಅಂದರೆ ಬಿಜೆನ್ ಸೀಮೆಯ ಚುಟುಕು ಹೆಸರು). ಇನ್ನೊಂದರಲ್ಲಿ "ಬಿಜೆನ್ ನೊ ಕುನಿ ಜೂ ಓಸಾಫುನೆ ಯೋಸೊಝಾಯೆಮೊನ್ ನೊ ಜೋ ಸುಕೆಸಾದಾ ಸಾಕು" ಅಂತ ಉದ್ದಕ್ಕೆ: ಬಿಜೆನ್ ಸೀಮೆಯ ಓಸಾಫುನೆಯಲ್ಲಿರುವ, ಇಂಥ ಸ್ವಂತ ಹೆಸರಿನ ಸುಕೆಸಾದಾ ಮಾಡಿದ್ದು. ಹಿಂಬದಿಗೆ ಎಯ್ಶೋ ವರ್ಷ, ಎಂಟನೇ ತಿಂಗಳು. ಎಯ್ಶೋ ಅಂದರೆ 1504ರಿಂದ 1521ರ ನಡುವೆ. ಸೀಮೆಯ ಪೂರ್ತಿ ಹೆಸರು, ಕಮ್ಮಾರನ ಸ್ವಂತ ಹೆಸರು ಹೀಗೆ ಬಿಡಿಸಿ ಕೆತ್ತಿದ್ದರೆ ಅದು ಸಾಮಾನ್ಯವಾಗಿ ಯಾರೋ ಆರ್ಡರ್ ಕೊಟ್ಟು ಮಾಡಿಸಿದ ಕತ್ತಿ. ಚುಟುಕು ಹೆಸರಿನದು ಹೆಚ್ಚಾಗಿ ಯುದ್ಧಕ್ಕೆ ಸರಬರಾಜಾದ ಮಾಲು. ಎರಡೂ ಅಸಲಿ. ಎರಡಕ್ಕೂ ತೊರೊಕುಶೊ ಇತ್ತು. ಬೆಲೆ ಮಾತ್ರ ಎಷ್ಟೋ ಪಟ್ಟು ಹೆಚ್ಚುಕಮ್ಮಿ.

ಬರೀ ಹೆಸರು ನೋಡಿದರೂ ಸಾಲದು ಬಿಡಿ. ಉದ್ದದ ಹೆಸರು ಕೆತ್ತಲು ನಕಲಿಗನಿಗೆ ಏನು ಕಷ್ಟ? ಹಾಗಾಗಿ ಯಜಮಾನರು ನನಗೆ ಕಲಿಸಿದ ಕ್ರಮ ತಲೆಕೆಳಗು. ಮೊದಲು ಹಿಡಿ ಕಳಚದೇ ಆಕಾರ ನೋಡು. ಆಮೇಲೆ ಒಂಟಿ ಬಲ್ಬಿನ ಕೆಳಗೆ ಅಲಗನ್ನು ಮೆಲ್ಲಗೆ ಓಲಾಡಿಸಿ, ಬಾಯಿಯ ಉದ್ದಕ್ಕೂ ಓಡುವ ಬಿಳಿ ಗಡಿ, ಅದೇ ಹಮೊನ್, ಅದನ್ನು ನೋಡು. ಕಬ್ಬಿಣವನ್ನು ಮಡಿಸಿ ಬಡಿದಾಗ ಎದ್ದ ಮರದೆಳೆಯಂಥ ಮೈ ನೋಡು. ಯಾವ ಕಾಲ, ಯಾವ ಸೀಮೆ ಅಂತ ಮನಸ್ಸಿನಲ್ಲೇ ಒಂದು ಉತ್ತರ ಗಟ್ಟಿ ಮಾಡಿಕೋ. ಹೆಸರು ಓದುವುದು ಕೊನೆಗೆ. ಹೆಸರು ಮೊದಲು ಓದಿದರೆ ಕಣ್ಣು ಅದಕ್ಕೆ ತಕ್ಕ ಹಾಗೆ ಸುಳ್ಳು ಹೇಳುತ್ತದೆ. ಅಲಗು ಒಂದು ಕಾಲ ಹೇಳಿ, ನಕಾಗೊ ಮೇಲಿನ ಹೆಸರು ಇನ್ನೊಂದು ಕಾಲ ಹೇಳಿದರೆ, ನಾವು ನಂಬುವುದು ಅಲಗನ್ನು.

ಇನ್ನು ಎರಡನೇ ಕಾಗದ. ಇದು ಯಾರ ಕೆಲಸ ಅನ್ನುವುದಕ್ಕೆ ಅಭಿಪ್ರಾಯ ಕೊಡುವ ಸಂಸ್ಥೆಗಳು ಬೇರೆ ಇವೆ. ಜಾಸ್ತಿ ಚಲಾವಣೆಯಲ್ಲಿರುವುದು 1948ರಲ್ಲಿ ಶುರುವಾದ ಜಪಾನಿ ಕಲಾ-ಕತ್ತಿಗಳ ಸಂರಕ್ಷಣಾ ಸಂಘದ, ಅಂದರೆ ಎನ್‌ಬಿಟಿಎಚ್‌ಕೆ ಪತ್ರ. ಟೋಕಿಯೊದ ರ್ಯೋಗೊಕುವಿನಲ್ಲಿ ಕತ್ತಿಗಳ ಮ್ಯೂಸಿಯಂ ನಡೆಸುವವರೂ ಇವರೇ. ಹೊಜೊನ್, ತೊಕುಬೆತ್ಸು ಹೊಜೊನ್, ಜೂಯೋ, ತೊಕುಬೆತ್ಸು ಜೂಯೋ ಅಂತ ನಾಲ್ಕು ಮೆಟ್ಟಿಲು. 1982ಕ್ಕೆ ಮೊದಲು ಕೆಳಗಿನ ಎರಡು ಮೆಟ್ಟಿಲಿನ ಜಾಗದಲ್ಲಿ ಬೇರೆ ದರ್ಜೆಗಳಿದ್ದವು. ಆ ಹಳೇ ಪತ್ರಗಳಲ್ಲಿ, ಅದರಲ್ಲೂ ಹಸಿರು ಬಣ್ಣದವುಗಳಲ್ಲಿ, ದೊಡ್ಡ ಹೆಸರು ಕಂಡರೆ ವ್ಯಾಪಾರಿಗಳು ಸುಮ್ನೆ ನಂಬುವುದಿಲ್ಲ, ಮತ್ತೆ ತಪಾಸಣೆಗೆ ಕಳಿಸಿ ಅನ್ನುತ್ತಾರೆ. ಮಾರುವವರು "ಪೇಪರ್ ಇದೆ" ಅಂದಾಗ ಯಾವ ಪೇಪರ್, ಯಾವ ವರ್ಷದ್ದು ಅಂತ ಕೇಳಲೇಬೇಕು.

ಈ ಪತ್ರವೂ ಎಲ್ಲ ಹೇಳುವುದಿಲ್ಲ. ಎಷ್ಟು ಸಲ ಸಾಣೆ ಹಿಡಿದು ಅಲಗು ಸವೆದಿದೆ, ಹೊರಚರ್ಮ ತೆಳುವಾಗಿ ಒಳಗಿನ ಮೆತ್ತನೆ ಕಬ್ಬಿಣ ಮಂಕುಮಂಕಾಗಿ ಇಣುಕುತ್ತಿದೆಯಾ ಅಂತ ಅದರಲ್ಲಿ ಬರೆದಿರುವುದಿಲ್ಲ. ಅದನ್ನು ಕಣ್ಣಲ್ಲೇ ನೋಡಬೇಕು.

ಸುಳ್ಳು ಹೆಸರಿನ ಕತ್ತಿಗೆ ಎನ್‌ಬಿಟಿಎಚ್‌ಕೆ ಪತ್ರ ಕೊಡುವುದಿಲ್ಲ. ಹಾಗಾಗಿ ಕೆಲವರು ಆ ಹೆಸರನ್ನು ಉಜ್ಜಿ ತೆಗೆಸಿ, ಹೆಸರಿಲ್ಲದ ಕತ್ತಿ ಅಂತ ಮತ್ತೆ ಕಳಿಸುತ್ತಾರೆ. ಅಲಗು ಚೆನ್ನಾಗಿದ್ದರೆ ಪತ್ರ ಸಿಗುತ್ತದೆ, ಬೆಲೆಯೂ ಏರುತ್ತದೆ. ನನಗಂತೂ ಇದು ಹಿಡಿಸುವುದಿಲ್ಲ. ಇವತ್ತಿನ ತೀರ್ಪು ನಾಳೆ ಬದಲಾಗಬಹುದು, ಉಜ್ಜಿದ ಅಕ್ಷರ ವಾಪಸ್ ಬರುತ್ತಾ? ಯಜಮಾನರು ಇದಕ್ಕೆ ನಕ್ಕು, ಬಾಡಿಗೆ ಕಟ್ಟುವವನು ನಾನು ಅನ್ನುತ್ತಾರೆ. ಅದೂ ಸರಿಯೇ.

ಮೂರನೇ ಕಾಗದದ ಹತ್ತಿರ ಬಂದರೆ ನನ್ನ ದಿನದ ಕೆಲಸ. ತೊರೊಕುಶೊ ಹಿಡಿದುಕೊಂಡು ಕತ್ತಿ ಸಮೇತ ವಿಮಾನ ಹತ್ತಲು ಆಗುವುದಿಲ್ಲ. ಸಂಸ್ಕೃತಿ ಇಲಾಖೆಗೆ ಫೋಟೊ ಸಮೇತ ಅರ್ಜಿ ಹಾಕಬೇಕು, ಕೆಲವು ವಾರ ಕಾಯಬೇಕು. ರಾಷ್ಟ್ರೀಯ ನಿಧಿ, ಮುಖ್ಯ ಸಾಂಸ್ಕೃತಿಕ ಆಸ್ತಿ ಅಂತ ಘೋಷಿಸಿದವು ಮಾರಾಟಕ್ಕಂತ ಹೊರಗೆ ಹೋಗುವುದೇ ಇಲ್ಲ. ಉಳಿದವಕ್ಕೆ ರಫ್ತು ಪತ್ರ ಬರುತ್ತದೆ, ತೊರೊಕುಶೊ ಕಾರ್ಡ್ ವಾಪಸ್ ಹೋಗುತ್ತದೆ. ಕಾರ್ಡ್ ನೆನಪಿಗೆ ಇಟ್ಟುಕೊಳ್ಳಬಹುದಾ ಅಂತ ಕೇಳುವವರಿದ್ದಾರೆ. ಆಗಲ್ಲ.

ಉಲ್ಟಾ ದಾರಿ ಇನ್ನೂ ಕಷ್ಟ. ಎರಡನೇ ಮಹಾಯುದ್ಧದಲ್ಲಿ ತಾತ ತಂದ ಕತ್ತಿ, ಜಪಾನಿಗೆ ಕಳಿಸಿ ಸಾಣೆ ಹಿಡಿಸಬೇಕು ಅಂತ ಅಮೆರಿಕದಿಂದ ಮೇಲ್ ಬರುತ್ತಿರುತ್ತದೆ. ನಾನು ಮೊದಲು ಕೇಳುವುದು ನಕಾಗೊ ಫೋಟೊ. ಹೆಸರಿನ ಹತ್ತಿರ "ಶೋ" ಅಥವಾ "ಸೆಕಿ" ಅಂತ ಚಿಕ್ಕ ಮುದ್ರೆ ಇದ್ದರೆ ಅದು ಸೈನ್ಯಕ್ಕಂತ ಮಾಡಿದ ಕತ್ತಿ ಇರಬಹುದು. ಹಳೇ ಪದ್ಧತಿಯಲ್ಲಿ ಬಡಿದು ಮಾಡಿದ್ದಲ್ಲ ಅಂತಾದರೆ ಇಲ್ಲಿ ನೋಂದಣಿಯಾಗುವುದಿಲ್ಲ. ಗಡಿ ದಾಟಿ ಒಳಗೆ ಬಂದರೆ ಕೈ ತಪ್ಪುವ ಅಪಾಯವಿದೆ. ಬೇಡ, ಅಲ್ಲೇ ಎಣ್ಣೆ ಸವರಿ ಇಟ್ಟುಕೊಳ್ಳಿ ಅಂತ ಬರೆಯುತ್ತೇನೆ.

ಬೆಂಗಳೂರಿನಿಂದ ಕೇಳುವವರಿಗೂ ಒಂದು ಮಾತು. ಜಪಾನಿನ ರಫ್ತು ಪತ್ರಕ್ಕೂ ನಮ್ಮ ಕಸ್ಟಮ್ಸ್‌ಗೂ ಸಂಬಂಧವಿಲ್ಲ. ಭಾರತದಲ್ಲಿ 1959ರ ಆಯುಧ ಕಾಯ್ದೆ ಇದೆ, ಉದ್ದದ ಅಲಗು ಹೊರಗಿಂದ ತರಿಸುವುದು ಅದರ ಕೆಳಗೆ ಬರುತ್ತದೆ. ದುಡ್ಡು ಕಳಿಸುವ ಮುಂಚೆ ಅಲ್ಲಿನ ಕಸ್ಟಮ್ಸ್ ಹತ್ತಿರ ವಿಚಾರಿಸಿ, ಉತ್ತರ ಬರಹದಲ್ಲಿ ತೆಗೆದುಕೊಳ್ಳಿ. ಆಮೇಲೆ ಯಾವ ಅಂಗಡಿಗೆ ಬರೆದರೂ ಸರಿ, ನಕಾಗೊದ ಎರಡೂ ಬದಿಯ ಫೋಟೊ, ಎಡಿಟ್ ಮಾಡದ್ದು, ಮೊದಲ ಮೇಲ್‌ನಲ್ಲೇ ಕೇಳಿ. ಕಳಿಸಲು ಸಬೂಬು ಹೇಳಿದರೆ ಬೇರೆ ಅಂಗಡಿ ನೋಡಿ.