ವೇಗಸ್‌ನಿಂದ ಆಂಟಲೋಪ್ ಕ್ಯಾನ್ಯನ್ ಡೇ ಟ್ರಿಪ್, ಹೋಗೋರಿಗೆ ಒಂದಷ್ಟು ಸಲಹೆ

ಆಂಟಲೋಪ್ ಕ್ಯಾನ್ಯನ್ ಅಂದ್ರೆ ಅಮೆರಿಕದ ಅರಿಝೋನಾದಲ್ಲಿ ನೀರು ಕಲ್ಲು ಕೊರೆದು ಆಗಿರೋ ಕಿರಿದಾದ ಕಣಿವೆ. ಮೊದಲೇ ಹೇಳ್ಬಿಡ್ತೀನಿ, ಕ್ಯಾನ್ಯನ್ ಒಳಗೆ ಇರೋದು ಹೆಚ್ಚಂದ್ರೆ ಒಂದು ಒಂದೂವರೆ ಗಂಟೆ, ಉಳಿದಿದ್ದೆಲ್ಲಾ ರಸ್ತೆ. ಲಾಸ್ ವೇಗಸ್‌ನಿಂದ ಕ್ಯಾನ್ಯನ್ ಹತ್ರದ ಪೇಜ್ ಅನ್ನೋ ಊರಿಗೆ ಒಂದು ಕಡೆಗೇ ನಾಲ್ಕೂವರೆ ಗಂಟೆ ಡ್ರೈವ್, ಬಸ್ ಟೂರ್ ಅಂದ್ರೆ ಬೆಳಗಿನ ಜಾವ ಹೊರಟು ರಾತ್ರಿ ಊಟದ ಹೊತ್ತು ದಾಟಿದ ಮೇಲೆ ವಾಪಸ್. ನಾವು ಅಪ್ಪ ಅಮ್ಮನ್ನ ಕರ್ಕೊಂಡು ಹೋಗಿದ್ವಿ, ಅವರಿಗೆ ಎಷ್ಟು ಕೂತ್ಕೊಳೋಕಾಗತ್ತೆ ಎಷ್ಟು ನಡೆಯೋಕಾಗತ್ತೆ ಅಂತ ನೋಡ್ಕೊಂಡೇ ಎಲ್ಲಾ ತಯಾರಿ ಮಾಡಿದ್ದು. ವಯಸ್ಸಾದವರ ಜೊತೆ ಹೋಗೋರಿಗೆ ಇದು ಉಪಯೋಗ ಆಗ್ಬಹುದು.

ಗೈಡ್ ಇಲ್ದೆ ನಾವೇ ಕಾರಲ್ಲಿ ಹೋಗಿ ನೋಡ್ಕೊಂಡು ಬರ್ತೀವಿ ಅಂದ್ರೆ ಆಗಲ್ಲ. ಪೇಜ್ ತನಕ ಕಾರಲ್ಲಿ ಹೋಗಿ, ಆದ್ರೆ ಕ್ಯಾನ್ಯನ್ ಇರೋ ಜಾಗ ಅಮೆರಿಕದ ಮೂಲನಿವಾಸಿಗಳಾದ ನವಾಹೋ ಜನಾಂಗದವರದ್ದು, ಅವರ ಪರ್ಮಿಷನ್ ಇರೋ ಗೈಡ್ ಜೊತೆಗೇ ಒಳಗೆ ಬಿಡೋದು. ನ್ಯಾಷನಲ್ ಪಾರ್ಕ್ ಪಾಸ್ ಇಲ್ಲಿ ನಡಿಯಲ್ಲ. ತಲೆಗಿಷ್ಟು ಅಂತ ನವಾಹೋ ಪರ್ಮಿಟ್ ಫೀ ಬೇರೆ ಇರತ್ತೆ, ನೀವು ಬುಕ್ ಮಾಡೋ ಟೂರ್‌ನ ರೇಟಲ್ಲಿ ಅದು ಸೇರಿದ್ಯಾ ಅಂತ ನೋಡ್ಕೊಳ್ಳಿ, ಕೆಲವು ಟೂರ್‌ನವರು ಅಲ್ಲಿಗೆ ಹೋದ್ಮೇಲೆ ಕೇಳ್ತಾರೆ.

ಇನ್ನು ಎಲ್ಲರೂ ಕೇಳೋ ಪ್ರಶ್ನೆ, ಅಪ್ಪರ್ ಆಂಟಲೋಪ್ ಕ್ಯಾನ್ಯನ್ನೋ ಲೋಯರ್ ಆಂಟಲೋಪ್ ಕ್ಯಾನ್ಯನ್ನೋ. ಹೆಸರು ಒಂದೇ ಆದ್ರೂ ಎರಡೂ ಬೇರೆ ಬೇರೆ ಜಾಗ, ಟಿಕೆಟ್ಟೂ ಬೇರೆ. ಅಪ್ಪರ್‌ನಲ್ಲಿ ನೆಲಮಟ್ಟದಲ್ಲೇ ಒಳಗೆ ನಡ್ಕೊಂಡು ಹೋಗ್ಬಹುದು, ಕೆಳಗೆ ಅಗಲ ಮೇಲೆ ಕಿರಿದು. ಲೋಯರ್ ಉಲ್ಟಾ, ಮೇಲೆ ಅಗಲ ಕಾಲಿಡೋ ಕಡೆ ಕಿರಿದು, ಇಳಿಯೋದೇ ಕಡಿದಾದ ಕಬ್ಬಿಣದ ಮೆಟ್ಟಿಲಲ್ಲಿ, ಒಳಗೂ ಅಲ್ಲಲ್ಲಿ ಏಣಿ ಥರ ಹತ್ಬೇಕು, ಕೆಲವು ಕಡೆ ಒಂದು ಪಾದ ಮುಂದೆ ಒಂದು ಪಾದ ಇಟ್ಟು ಸೊಂಟ ತಿರುಗಿಸ್ಕೊಂಡು ದಾಟ್ಬೇಕು. ಮಂಡಿ ನೋವಿರೋರಿಗೆ ಲೋಯರ್ ಬೇಡವೇ ಬೇಡ. ಹಾಗಂತ ಅಪ್ಪರ್ ಪೂರ್ತಿ ಸಲೀಸು ಅಂತಲ್ಲ, ಹೊರಗಡೆಯಿಂದ ಸುತ್ತಿ ವಾಪಸ್ ಬರೋ ದಾರೀಲಿ ಮೆಟ್ಟಿಲು ಇದೆ, ಅಲ್ಲಿಗೆ ಹೋಗೋ ಗಾಡಿ ಒಣಗಿದ ಹಳ್ಳದ ಮರಳಲ್ಲಿ ಚೆನ್ನಾಗಿ ಕುಲುಕತ್ತೆ. ಅಮ್ಮನ ಬೆನ್ನು ನೋವಿನ ವಿಷ್ಯ ಹೇಳಿದ್ದಕ್ಕೆ ಗೈಡ್ ತಾವೇ ಮುಂದಿನ ಸೀಟ್ ಕೊಟ್ರು, ನೀವೂ ಸಂಕೋಚ ಪಡ್ದೆ ಕೇಳಿ.

ಮೇಲಿಂದ ಕಂಬದ ಹಾಗೆ ಬೆಳಕು ಇಳಿಯೋ ಫೋಟೋ ನೋಡಿರ್ತೀರಲ್ಲ, ಅದು ಅಪ್ಪರ್‌ದು, ಸುಮಾರಾಗಿ ಮಾರ್ಚ್ ಕೊನೆಯಿಂದ ಅಕ್ಟೋಬರ್ ಶುರು ತನಕ, ಅದೂ ನಡುಮಧ್ಯಾಹ್ನ, ಮೋಡ ಇಲ್ದಿದ್ರೆ ಮಾತ್ರ. ಆ ಹೊತ್ತಿನ ಸ್ಲಾಟ್‌ಗೆ ದುಡ್ಡೂ ಜಾಸ್ತಿ ಜನವೂ ಜಾಸ್ತಿ. ನನ್ ಕೇಳಿದ್ರೆ ಅದರ ಹಿಂದೆ ಬೀಳ್ಬೇಡಿ. ಗೋಡೆಗೆ ಬಿದ್ದ ಬೆಳಕು ಎದುರು ಗೋಡೆಗೆ ಹೊಡ್ದು ಅಲ್ಲಿಂದ ಇನ್ನೊಂದಕ್ಕೆ ಹೊಡ್ದು ಕೆಳಗೆ ಬರೋ ಹೊತ್ತಿಗೆ ಕಿತ್ತಳೆ ಹೋಗಿ ನೇರಳೆ ಆಗಿರತ್ತೆ, ಆ ಬಣ್ಣ ನೋಡೋಕೆ ಬೆಳಕಿನ ಕಂಬ ಬೇಕಿಲ್ಲ.

ಟೈಮ್ ವಿಷ್ಯದಲ್ಲಿ ಸ್ವಲ್ಪ ತಲೆ ಕೆಡತ್ತೆ, ಸ್ವಂತ ಕಾರಲ್ಲಿ ಹೋಗೋರು ಇದನ್ನ ಎರಡು ಸಲ ಓದಿ. ವೇಗಸ್‌ನಲ್ಲಿ ಬೇಸಿಗೆಗೆ ಗಡಿಯಾರ ಒಂದು ಗಂಟೆ ಮುಂದಿಡ್ತಾರೆ, ಅರಿಝೋನಾದಲ್ಲಿ ಇಡಲ್ಲ, ನವಾಹೋ ನೇಷನ್‌ನಲ್ಲಿ (ನವಾಹೋ ಜನರದ್ದೇ ಆಡಳಿತ ಇರೋ ಪ್ರದೇಶ) ಇಡ್ತಾರೆ, ದಾರೀಲಿ ಸಿಗೋ ಯೂಟಾದಲ್ಲೂ ಇಡ್ತಾರೆ. ಪೇಜ್ ಊರು ಅರಿಝೋನಾ ಟೈಮಲ್ಲೇ ನಡೆಯತ್ತೆ, ಹಾಗಾಗಿ ಬೇಸಿಗೇಲಿ ವೇಗಸ್‌ಗೂ ಪೇಜ್‌ಗೂ ಒಂದೇ ಟೈಮ್, ಮಧ್ಯೆ ಯೂಟಾ ಬಂದಾಗ ಫೋನ್ ಒಂದು ಗಂಟೆ ಮುಂದೆ ಹಾರತ್ತೆ. ಚಳಿಗಾಲದಲ್ಲಿ ಪೇಜ್ ವೇಗಸ್‌ಗಿಂತ ಒಂದು ಗಂಟೆ ಮುಂದೆ, ಆಗ ಬೇಗ ಹೊರಡ್ಬೇಕಾಗಿರೋದು ನೀವು. ಟೂರ್‌ನವರು ನಡ್ಸೋದು ಪೇಜ್ ಟೈಮಲ್ಲಿ. ಅಲ್ಲಿ ಫೋನು ಯಾವ ಟವರ್ ಹಿಡಿಯತ್ತೋ ಆ ಟೈಮ್ ತೋರ್ಸತ್ತೆ, ಆಟೋಮ್ಯಾಟಿಕ್ ಆಫ್ ಮಾಡಿ ಅರಿಝೋನಾದ ರಾಜಧಾನಿ ಫೀನಿಕ್ಸ್ ಅಂತ ಸೆಟ್ ಮಾಡ್ಕೊಂಡ್ರೆ ನಿಶ್ಚಿಂತೆ.

ಮಳೆ ಬಗ್ಗೆ ಮಾತ್ರ ತಮಾಷೆ ಬೇಡ. ಈ ಜಾಗ ಕೊರೆದಿದ್ದೇ ಪ್ರವಾಹದ ನೀರು, ಯಾವಾಗ್ಲೋ ಮರಳ ದಿಬ್ಬ ಆಗಿದ್ದದ್ದು ಕೋಟ್ಯಂತರ ವರ್ಷದಲ್ಲಿ ಕಲ್ಲಾಗಿ ಆಮೇಲೆ ನೀರು ಕೊರೀತಾ ಬಂತು, ಇವತ್ತಿಗೂ ಕೊರೀತಾನೇ ಇದೆ. 1997ರ ಆಗಸ್ಟ್ 12ಕ್ಕೆ ಲೋಯರ್‌ನಲ್ಲಿ 11 ಜನ ಪ್ರವಾಸಿಗರು ಸತ್ತೋದ್ರು, ಮಳೆ ಬಿದ್ದಿದ್ದು ಎಷ್ಟೋ ಮೈಲಿ ಮೇಲುಗಡೆ, ಇವರಿದ್ದ ಕಡೆ ಹೇಳ್ಕೊಳ್ಳೋವಂಥ ಮಳೇನೇ ಇರ್ಲಿಲ್ಲ. ಈಗಿರೋ ಗಟ್ಟಿ ಮೆಟ್ಟಿಲು, ಹವಾಮಾನದ ಮೇಲೆ ಕಣ್ಣಿಡೋದು ಎಲ್ಲಾ ಅದಾದ್ಮೇಲೆ ಬಂದಿದ್ದು. ಹಾಗಾಗಿ ತಲೆ ಮೇಲೆ ನೀಲಿ ಆಕಾಶ ಇದ್ರೂ ಗೈಡ್ ಬೇಡ ಅಂದ್ರೆ ಬೇಡ, ದುಡ್ಡು ಕೊಟ್ಟಿದೀವಿ ಅಂತ ವಾದಕ್ಕೆ ನಿಲ್ಬೇಡಿ. ಜುಲೈಯಿಂದ ಸೆಪ್ಟೆಂಬರ್ ಮಧ್ಯೆ ಹೋಗೋರು ಕ್ಯಾನ್ಸಲ್ ಆದ್ರೆ ದುಡ್ಡು ಹೆಂಗೆ ವಾಪಸ್ ಬರತ್ತೆ ಅಂತ ಬುಕ್ ಮಾಡೋವಾಗ್ಲೇ ಓದ್ಕೊಂಡಿರಿ, ಮಧ್ಯಾಹ್ನದ ಮೇಲೆ ಗುಡುಗು ಮಳೆ ಜಾಸ್ತಿ ಆಗಿರೋದ್ರಿಂದ ಬೆಳಗಿನ ಸ್ಲಾಟ್ ವಾಸಿ.

ಬ್ಯಾಗ್ ಒಳಗೆ ಬಿಡಲ್ಲ, ವ್ಯಾನಿಟಿ ಬ್ಯಾಗೂ ಇಲ್ಲ. ಟ್ರೈಪಾಡ್, ಸೆಲ್ಫಿ ಸ್ಟಿಕ್ ಕೂಡ ಇಲ್ಲ. ನೀರಿನ ಬಾಟಲ್ ಕೈಯಲ್ಲಿ, ಫೋನ್ ಕೈಯಲ್ಲಿ, ಮಾತ್ರೆ ಗೀತ್ರೆ ಇದ್ರೆ ಜೇಬಲ್ಲಿ, ಅದಕ್ಕೇ ಜೇಬಿರೋ ಪ್ಯಾಂಟ್ ಹಾಕ್ಕೊಳ್ಳಿ. ಒಳಗೆ ಟಾಯ್ಲೆಟ್ ಇಲ್ಲ, ಮುಂಚೆನೇ ಮುಗಿಸ್ಕೊಳ್ಳಿ. ಕಾಲಿಗೆ ಮುಚ್ಚಿರೋ ಶೂ.

ಮರಳು ಹಿಟ್ಟಿನಷ್ಟು ನುಣ್ಣಗಿರತ್ತೆ, ಮೇಲೆ ಗಾಳಿ ಬೀಸಿದ್ರೆ ಸುರ್ರಂತ ತಲೆ ಮೇಲೆ ಸುರಿಯತ್ತೆ, ಕಿವಿ, ಹುಬ್ಬು, ಚಾರ್ಜರ್ ಹಾಕೋ ತೂತು ಎಲ್ಲಾ ಕಡೆ ಸೇರ್ಕೊಳತ್ತೆ. ಕಾಂಟ್ಯಾಕ್ಟ್ ಲೆನ್ಸ್ ಹಾಕೋರು ಅವತ್ತು ಕನ್ನಡಕ ಹಾಕ್ಕೊಳ್ಳಿ, ಕ್ಯಾಮೆರಾ ತರೋರು ಒಳಗೆ ಲೆನ್ಸ್ ಬದಲಾಯಿಸೋ ಸಾಹಸ ಮಾಡ್ಬೇಡಿ. ನಮ್ಮ ಗೈಡ್ ಒಬ್ಬೊಬ್ಬರದೇ ಫೋನ್ ಇಸ್ಕೊಂಡು ಬಣ್ಣ ಸ್ವಲ್ಪ ಬೆಚ್ಚಗೆ ಕಾಣೋ ಹಾಗೆ ಸೆಟ್ಟಿಂಗ್ ಬದಲಾಯಿಸಿ ಕೊಟ್ರು, ನೆಲ ಬಿಟ್ಟು ಮೇಲಕ್ಕೆ ಹಿಡೀರಿ ಅಂದ್ರು, ಹಾಗೆ ಹಿಡಿದ್ರೆ ಫೋಟೋದಲ್ಲಿ ಜನಾನೇ ಇಲ್ಲ, ನಿಜವಾಗ್ಲೂ ಮುಂದೆ ಹಿಂದೆ ಜಾತ್ರೆ. ಎಲ್ಲಾ ಕಡೆ ನಿಂತು ನೋಡೋಕೆ ಬಿಡಲ್ಲ, ಹಿಂದಿನ ಗುಂಪು ಬರ್ತಾನೇ ಇರತ್ತೆ. ಟಿಪ್ಸ್‌ಗೆ ಅಂತ ಚಿಲ್ಲರೆ ಕ್ಯಾಶ್ ಇಟ್ಕೊಂಡಿರಿ.

ಹೆಚ್ಚಿನ ಬಸ್ ಟೂರ್‌ಗಳು ಹಾರ್ಸ್‌ಶೂ ಬೆಂಡ್‌ಗೂ ಕರ್ಕೊಂಡು ಹೋಗ್ತವೆ, ಕೊಲರಾಡೋ ನದಿ ಸಾವಿರ ಅಡಿ ಕೆಳಗೆ ಲಾಳದ ಆಕಾರದಲ್ಲಿ ತಿರುಗೋ ಜಾಗ. ಹೋಗಿ ಬರೋಕೆ ಒಂದೂವರೆ ಮೈಲಿ ನಡಿಗೆ, ನೆರಳು ಅಂತ ದಾರೀಲಿ ಎಲ್ಲೋ ಒಂದೆರಡು ಕಡೆ. ಅಂಚಿನ ಒಂದು ಭಾಗಕ್ಕೆ ಮಾತ್ರ ಕಂಬಿ ಇದೆ, ಮಕ್ಕಳಿರೋರು ಆ ಕಂಬಿ ಹತ್ರಾನೇ ನಿಲ್ಲಿ. ಸ್ವಂತ ಕಾರಲ್ಲಿ ಬರೋರಿಗೆ ಪಾರ್ಕಿಂಗ್ ದುಡ್ಡು ಬೇರೆ, ಇಲ್ಲೂ ನ್ಯಾಷನಲ್ ಪಾರ್ಕ್ ಪಾಸ್ ಲೆಕ್ಕಕ್ಕಿಲ್ಲ. ಜೂನ್ ಜುಲೈ ಬಿಸಿಲಲ್ಲಿ ಅಪ್ಪ ಅರ್ಧ ದಾರೀಲೇ ನೆರಳಿನ ಬೆಂಚ್ ಹಿಡ್ಕೊಂಡು ನೀವು ಹೋಗ್ಬನ್ನಿ ಅಂದ್ಬಿಟ್ರು, ಒತ್ತಾಯ ಮಾಡ್ಲಿಲ್ಲ, ಇನ್ನೂ ನಾಲ್ಕೂವರೆ ಗಂಟೆ ಬಸ್ ಬಾಕಿ ಇತ್ತಲ್ಲ. ಒಂದು ರಾತ್ರಿ ಪೇಜ್‌ನಲ್ಲಿ ಉಳ್ಕೊಳೋಕೆ ರಜೆ ಸಿಗೋದಾದ್ರೆ ಈ ಡೇ ಟ್ರಿಪ್ಪೇ ಬೇಡ, ಉಳ್ಕೊಂಡು ಬನ್ನಿ.