ಮಂಗಳವಾರದ ಗಾಡಿ

ಕೊನೆಗಾಲದ ಕ್ಯಾನ್ಸರ್ ರೋಗಿಗಳ ಮನೆಗೆ ಹೋಗುವ ನಮ್ಮ ಗಾಡಿ ಹೊರಡುವುದು ಎಂಟೂವರೆಗೆ. ಅದಕ್ಕೂ ಮೊದಲು ಅರ್ಧ ಗಂಟೆ ಚೀಲ ತುಂಬುವ ಕೆಲಸ. ಗಾಜ್ ಬಟ್ಟೆ, ಹತ್ತಿ, ಸಲೈನ್ ಬಾಟಲಿ, ಕೈಗವಸು, ಮೂಗಿನ ನಳಿಕೆ, 14 ಮತ್ತು 16ನೇ ಅಳತೆಯ ಮೂತ್ರದ ನಳಿಕೆ, 50 ಎಂಎಲ್ ಸಿರಿಂಜು, ವ್ಯಾಸಲಿನ್, ಮೆಟ್ರೊನಿಡಜೋಲ್ ಮತ್ತು ರಕ್ತ ನಿಲ್ಲಿಸುವ ಟ್ರಾನೆಕ್ಸಾಮಿಕ್ ಆ್ಯಸಿಡ್ ಮಾತ್ರೆ, ಟರ್ಪೆಂಟೈನ್ ಎಣ್ಣೆಯ ಒಂದು ಸಣ್ಣ ಸೀಸೆ. ತೀವ್ರ ನೋವಿಗೆ ಕೊಡುವ ಮಾರ್ಫಿನ್ ಮಾತ್ರ ಬೀಗದ ಬೀರುವಿನಿಂದ ಎಣಿಸಿ ತೆಗೆದು, ರಿಜಿಸ್ಟರಿನಲ್ಲಿ ಬರೆದು, ಬೇರೆ ಡಬ್ಬಕ್ಕೆ ಹಾಕಬೇಕು. ಆ ಮಂಗಳವಾರ ಗಾಡಿಯಲ್ಲಿ ಡಾಕ್ಟರು, ಸಿಸ್ಟರು, ಆಪ್ತಸಮಾಲೋಚಕಿ, ಡ್ರೈವರು, ನಾಲ್ಕು ಜನ. ಬೆಂಗಳೂರಿನ ಹೊರಗೆ, ಹೊಸಕೋಟೆ ಕಡೆಯ ಹಳ್ಳಿಗಳಲ್ಲಿ ಐದು ಮನೆ.

ಕ್ಯಾನ್ಸರ್ ಮೈಯೆಲ್ಲ ಹಬ್ಬಿದ ಮೇಲೆ ‘ಇನ್ನು ಮನೆಗೆ ಕರ್ಕೊಂಡು ಹೋಗಿ’ ಅನ್ನಿಸಿಕೊಂಡು ಬಂದವರ ಮನೆಗಳಿವು. ಡಿಸ್ಚಾರ್ಜ್ ಚೀಟಿಯಲ್ಲಿ ಸ್ಕ್ಯಾನ್ ವಿವರ ಎರಡು ಪುಟ ಇರುತ್ತದೆ. ರಾತ್ರಿ ನೋವು ಬಂದರೆ ಏನು ಕೊಡಬೇಕು ಎಂಬುದಕ್ಕೆ ಒಂದು ಸಾಲೂ ಇರುವುದಿಲ್ಲ. ಆ ಒಂದು ಸಾಲನ್ನು ಮನೆಗೆ ಮುಟ್ಟಿಸುವುದೇ ಇಂಥ ಧರ್ಮಾರ್ಥ ಸಂಸ್ಥೆಗಳ ಕೆಲಸ. ಕೋಳಿಕ್ಕೋಡಿನಲ್ಲಿ 1993ರಲ್ಲಿ ಡಾ. ಎಂ.ಆರ್. ರಾಜಗೋಪಾಲ್ ಮತ್ತು ಗೆಳೆಯರು ಹೀಗೊಂದು ಸೊಸೈಟಿ ಕಟ್ಟಿದರು. ಬೆಂಗಳೂರಿನಲ್ಲಿ 1994ರಲ್ಲಿ ಶುರುವಾದ ಹಾಸ್ಪೀಸ್ ಟ್ರಸ್ಟ್ 1999ರಲ್ಲಿ ಇಂಥ ರೋಗಿಗಳ ಆರೈಕೆಗೆಂದೇ ಕರುಣಾಶ್ರಯ ಕಟ್ಟಡ ತೆರೆಯಿತು. ಇವತ್ತಿಗೂ ಅಲ್ಲಿ ರೋಗಿಯಿಂದ ಕಾಸು ತೆಗೆದುಕೊಳ್ಳುವುದಿಲ್ಲ.

ಮೊದಲ ಮನೆಯಲ್ಲಿ ಗರ್ಭಕೋಶದ ಕೊರಳಿನ ಕ್ಯಾನ್ಸರ್ ಇರುವ ಅಮ್ಮ. ಬೆನ್ನುಮೂಳೆಗೆ ಇಳಿದಿದೆ. ಒಂದರಿಂದ ಹತ್ತರಲ್ಲಿ ನೋವು ಎಷ್ಟು ಅಂತ ಕೇಳಿದರೆ ಆ ವಯಸ್ಸಿನವರು ಸುಮ್ಮನೆ ಮುಖ ನೋಡುತ್ತಾರೆ. ‘ರೂಪಾಯಿಗೆ ಎಷ್ಟಾಣೆ ನೋವು ಹೋಗೈತಮ್ಮಾ?’ ಅಂದರೆ ತಕ್ಷಣ ಲೆಕ್ಕ ಬರುತ್ತದೆ. ‘ನಾಲ್ಕಾಣೆ ಹೋಗಿರ್ಬೋದು ಸಿಸ್ಟರ್’ ಅಂದರು. ಹನ್ನೆರಡಾಣೆ ಉಳಿದಿದೆ ಅಂದರೆ ಎಲ್ಲೋ ಎಡವಟ್ಟಾಗಿದೆ. ಮಾರ್ಫಿನ್ ಮಾತ್ರೆ ಎಣಿಸಿದೆವು. ಹದಿನಾಲ್ಕು ದಿನಕ್ಕೆ 42 ಕೊಟ್ಟಿದ್ದು, ಉಳಿದದ್ದು 29.

ಆ 42ರ ಲೆಕ್ಕ ಹೀಗೆ. 10 ಮಿಲಿಗ್ರಾಂ ಮಾತ್ರೆಯಲ್ಲಿ ಅರ್ಧ, ಬೆಳಿಗ್ಗೆ ಆರಕ್ಕೆ, ಹತ್ತಕ್ಕೆ, ಮಧ್ಯಾಹ್ನ ಎರಡಕ್ಕೆ, ಸಂಜೆ ಆರಕ್ಕೆ. ರಾತ್ರಿ ಹತ್ತಕ್ಕೆ ಮಾತ್ರ ಇಡೀ ಮಾತ್ರೆ, ಎರಡು ಗಂಟೆಗೆ ಎಬ್ಬಿಸುವುದು ತಪ್ಪಲಿ ಅಂತ. ದಿನಕ್ಕೆ ಮೂರು ಮಾತ್ರೆ ಆಯಿತು. ಸಾಮಾನ್ಯ ಮಾರ್ಫಿನ್ ಮಾತ್ರೆಯ ಬಲ ನಾಲ್ಕು ಗಂಟೆ ಮಾತ್ರ ನಿಲ್ಲುತ್ತದೆ. ಅದಕ್ಕೇ ನೋವು ಬರುವ ಮೊದಲೇ ಮುಂದಿನದು ಹೊಟ್ಟೆಯಲ್ಲಿರಬೇಕು. ಮಗ ‘ತಡೆಯೋಕಾಗದೆ ಅಳುವಾಗ ಕೊಡ್ತಿದ್ವಿ’ ಅಂದ. ಅಭ್ಯಾಸ ಹಿಡಿದೀತು, ಬೇಗ ಹೋಗಿಬಿಟ್ಟಾರು ಎಂಬ ಭಯ. ಜೊತೆಗೆ ಅಮ್ಮ ಮೊದಲ ಎರಡು ದಿನ ಹೊತ್ತುಗೊತ್ತಿಲ್ಲದೆ ಮಲಗಿದ್ದರಂತೆ. ಆ ಮಂಪರು ಎರಡು ಮೂರು ದಿನದಲ್ಲಿ ತಾನೇ ಕಡಿಮೆಯಾಗುತ್ತದೆ, ವಾಕರಿಕೆಯೂ ಅಷ್ಟೇ. ಅದನ್ನು ಮೊದಲ ಭೇಟಿಯಲ್ಲೇ ಬಿಡಿಸಿ ಹೇಳದಿದ್ದದ್ದು ನಮ್ಮ ತಪ್ಪು. ಎಷ್ಟು ದಿನವಾದರೂ ಹೋಗದೆ ಉಳಿಯುವುದು ಮಲಬದ್ಧತೆಯೊಂದೇ. ಆದ್ದರಿಂದ ಮಾರ್ಫಿನ್ ಜೊತೆಗೇ ಮಲ ಇಳಿಸುವ ಬಿಸಾಕೋಡಿಲ್ ಎರಡು ಮಾತ್ರೆ ರಾತ್ರಿಗೆ ಬರೆಯುತ್ತಾರೆ. ಅದನ್ನು ಬಿಟ್ಟರೆ ನಾಲ್ಕನೇ ದಿನಕ್ಕೆ ಹೊಟ್ಟೆನೋವು ಶುರುವಾಗಿ, ಅದಕ್ಕೂ ಮಾರ್ಫಿನ್ನೇ ಕಾರಣ ಅಂತ ಮನೆಯವರು ಎಲ್ಲವನ್ನೂ ನಿಲ್ಲಿಸಿಬಿಡುತ್ತಾರೆ.

ಸೊಸೆಗೆ ಓದು ಬರದು. ಐದು ಕಾಗದದ ಪೊಟ್ಟಣದ ಮೇಲೆ ಹುಟ್ಟುವ ಸೂರ್ಯ, ಅರ್ಧ ಏರಿದ ಸೂರ್ಯ, ನೆತ್ತಿ ದಾಟಿದ ಸೂರ್ಯ, ಮುಳುಗುವ ಸೂರ್ಯ, ಚಂದ್ರ ಬರೆದುಕೊಟ್ಟೆವು. ಮಗನ ಫೋನಿನಲ್ಲಿ ಐದು ಅಲಾರಂ. ಎಷ್ಟು ಕೊಡಬೇಕು ಎಂಬುದನ್ನು ಏರಿಸುವುದು ಇಳಿಸುವುದು ಮಾತ್ರ ಡಾಕ್ಟರ ಕೈಯಲ್ಲೇ ಇರಬೇಕು. ಮೂತ್ರಪಿಂಡ ಸೋತವರಲ್ಲಿ ಇದೇ ಮಾತ್ರೆ ಮೈಯಲ್ಲಿ ಶೇಖರವಾಗುತ್ತದೆ.

ಮಾರ್ಫಿನ್ನಿನ ಕಚ್ಚಾವಸ್ತುವಾದ ಅಫೀಮು ಬೆಳೆಯುವುದು ನಮ್ಮ ದೇಶದಲ್ಲೇ. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶದ ರೈತರು ಸರ್ಕಾರದ ಲೈಸೆನ್ಸ್ ಪಡೆದು ಗಸಗಸೆ ಗಿಡ ಬೆಳೆಯುತ್ತಾರೆ. ನೀಮಚ್ ಮತ್ತು ಗಾಜಿಪುರದಲ್ಲಿ ಸರ್ಕಾರಿ ಅಫೀಮು ಕಾರ್ಖಾನೆಗಳಿವೆ. 1985ರ ಮಾದಕವಸ್ತು ಕಾಯ್ದೆಯ ಬಿಗಿಯಲ್ಲಿ ರೋಗಿಗೆ ಸಿಗುವುದೇ ದುಸ್ತರವಾಗಿತ್ತು. 2014ರ ತಿದ್ದುಪಡಿ ದಾರಿ ಸಲೀಸು ಮಾಡಿದೆ. ಆದರೂ ಹಳ್ಳಿಯ ಔಷಧಿ ಅಂಗಡಿಯಲ್ಲಿ ಅದು ಸಿಗುವುದಿಲ್ಲ, ಗಾಡಿಯೇ ಬರಬೇಕು.

ಎರಡನೇ ಮನೆಯಲ್ಲಿ ಬಾಯಿ ಕ್ಯಾನ್ಸರಿನ ಅಣ್ಣ. ಇಪ್ಪತ್ತು ವರ್ಷ ತಂಬಾಕು ಒತ್ತಿದ ಕೆನ್ನೆ ಈಗ ತೂತಾಗಿದೆ. ಹೊಸಿಲಲ್ಲೇ ವಾಸನೆ. ಮಕ್ಕಳು ಆ ಕೋಣೆಗೆ ಹೋಗುತ್ತಿರಲಿಲ್ಲ. ಮುಚ್ಚಿದ್ದ ಬಟ್ಟೆಯನ್ನು ಒಣಗಿದಂತೆಯೇ ಎಳೆದರೆ ರಕ್ತ ಬರುತ್ತದೆ. ಸಲೈನ್ ಸುರಿದು ಹತ್ತು ನಿಮಿಷ ನೆನೆಯಲು ಬಿಟ್ಟು ತೆಗೆಯಬೇಕು. ತೆಗೆದಾಗ ಒಳಗೆ ಹುಳ ಕಂಡವು. ಹೆಂಡತಿ ನೋಡಿ ಗೋಡೆಗೆ ಒರಗಿ ಕೂತುಬಿಟ್ಟರು, ತಾನು ಸರಿಯಾಗಿ ನೋಡಿಕೊಳ್ಳಲಿಲ್ಲ ಎಂಬ ಸಂಕಟ. ಹಾಗಲ್ಲ. ಹಗಲು ಮಲಗಿದ್ದಾಗ ನೊಣ ಕೂತು ಮೊಟ್ಟೆಯಿಟ್ಟರೆ ಒಂದು ದಿನದೊಳಗೆ ಹುಳ ಏಳುತ್ತದೆ. ಟರ್ಪೆಂಟೈನಿನಲ್ಲಿ ಅದ್ದಿದ ಗಾಜ್ ಬಟ್ಟೆಯನ್ನು ಗಾಯದ ಬಾಯಿಯ ಹತ್ತಿರ ಹಿಡಿಯಬೇಕು, ಒಳಗೆ ಸುರಿಯಬಾರದು. ಘಾಟಿಗೆ ಅವು ಮೇಲೆ ಬರುತ್ತವೆ, ಚಿಮಟದಿಂದ ಒಂದೊಂದಾಗಿ ತೆಗೆಯಬೇಕು. ಒಂದೇ ದಿನಕ್ಕೆ ಮುಗಿಯುವುದಿಲ್ಲ. ಆಳದಲ್ಲಿ ಉಳಿದವುಗಳಿಗಾಗಿ ಎರಡು ಮೂರು ದಿನ ಮತ್ತೆ ಮಾಡಬೇಕು. ಹಗಲಲ್ಲೂ ಸೊಳ್ಳೆಪರದೆ ಕಟ್ಟುವುದೇ ಇದಕ್ಕೆ ತಡೆ.

ವಾಸನೆಗೆ ಅಗರಬತ್ತಿ ಹಚ್ಚಿಟ್ಟಿದ್ದರು. ಅದರ ಹೊಗೆ ಕೆಮ್ಮು ತರಿಸುತ್ತದೆಯೇ ಹೊರತು ವಾಸನೆ ಕಳೆಯುವುದಿಲ್ಲ. ಮೆಟ್ರೊನಿಡಜೋಲ್ ಮಾತ್ರೆಯನ್ನು ನುಣ್ಣಗೆ ಪುಡಿಮಾಡಿ ತೊಳೆದ ಗಾಯದ ಮೇಲೆ ಉದುರಿಸಿದರೆ ಕೆಲವೇ ದಿನದಲ್ಲಿ ಬದಲಾವಣೆ ತಿಳಿಯುತ್ತದೆ, ಆ ವಾಸನೆ ಹುಟ್ಟಿಸುವ ಬ್ಯಾಕ್ಟೀರಿಯಾಗಳನ್ನೇ ಅದು ಕೊಲ್ಲುತ್ತದೆ. ತೊಳೆಯಲು ಅಂಗಡಿ ಸಲೈನೇ ಬೇಕೆಂದಿಲ್ಲ. ಅರ್ಧ ಲೀಟರ್ ನೀರು ಕುದಿಸಿ, ಒಂದು ಟೀ ಚಮಚ ಉಪ್ಪು ಹಾಕಿ ಆರಿಸಿದರೆ ಸಾಕು. ಆ ದಿನದ್ದು ಆ ದಿನವೇ ಮುಗಿಯಬೇಕು. ಹೆಂಡತಿಯ ಕೈಯಲ್ಲೇ ಒಂದು ಸಲ ಪೂರ್ತಿ ಮಾಡಿಸಿದೆವು. ಇಷ್ಟು ಹೊತ್ತು ಒಂದು ಮನೆಯಲ್ಲೇ ಕಳೆದರೆ ದಿನಕ್ಕೆ ಐದೇ ಮನೆ ಆಗುತ್ತದೆ ಎಂದು ದಾನಿಗಳು ಆಕ್ಷೇಪಿಸುವುದುಂಟು. ಆದರೆ ಗಾಡಿ ಬರುವುದು ವಾರಕ್ಕೊಂದು ದಿನ, ಉಳಿದ ಆರು ದಿನ ಗಾಯ ಕಟ್ಟುವ ಕೈ ಅವರದೇ.

ಇಂಥ ಗಾಯ ರಕ್ತನಾಳ ಕೊರೆಯಬಹುದು. ಮಂಚದ ಪಕ್ಕ ಗಾಢ ಬಣ್ಣದ ಟವೆಲ್ ಎರಡು ಇಡಿಸಿದೆವು. ಬಿಳಿ ಬಟ್ಟೆಯ ಮೇಲೆ ಸ್ವಲ್ಪ ರಕ್ತವೂ ಹೊಳೆಯಂತೆ ಕಂಡು ಎಲ್ಲರೂ ಕೈಬಿಡುತ್ತಾರೆ. ಟ್ರಾನೆಕ್ಸಾಮಿಕ್ ಮಾತ್ರೆ ಪುಡಿ ಹಾಕಿದ ಒದ್ದೆ ಗಾಜ್ ಒತ್ತಿ, ಎತ್ತಿ ಎತ್ತಿ ನೋಡದೆ, ಹತ್ತು ನಿಮಿಷ ಹಿಡಿಯಬೇಕು.

ಅಣ್ಣನಿಗೆ ಆಹಾರ ಕೊಡುವ ಮೂಗಿನ ನಳಿಕೆಯೂ ಕಟ್ಟಿಕೊಂಡಿತ್ತು. ರಾಗಿ ಗಂಜಿ ಜರಡಿಯಲ್ಲಿ ಸೋಸಿದರೆ ಸಾಲದು, ತೆಳು ಪಂಚೆಯಲ್ಲಿ ಸೋಸಬೇಕು. ಒಂದು ಸಲಕ್ಕೆ 200 ಎಂಎಲ್, ತಲೆ ಕಡೆ ದಿಂಬು ಏರಿಸಿ, ಸಿರಿಂಜನ್ನು ಒತ್ತದೆ ತಾನಾಗಿ ಇಳಿಯಲು ಬಿಟ್ಟು. ಆಮೇಲೆ 30 ರಿಂದ 50 ಎಂಎಲ್ ಬರಿ ನೀರು. ಮುಕ್ಕಾಲು ಗಂಟೆ ಮಲಗಿಸಬಾರದು, ಗಂಜಿ ಹಿಂದಕ್ಕೆ ಬಂದು ಶ್ವಾಸಕೋಶಕ್ಕೆ ಹೋಗುತ್ತದೆ.

ಮೂರನೇ ಮನೆಯದು ಮೂತ್ರದ ನಳಿಕೆ ಬದಲಿಸುವ ಕೆಲಸ, ಅರ್ಧ ಗಂಟೆಯಲ್ಲಿ ಮುಗಿಯಿತು. ಚೀಲವನ್ನು ಮಂಚದ ಮೇಲೆ ಇಟ್ಟಿದ್ದರು. ಅದು ಸದಾ ಸೊಂಟಕ್ಕಿಂತ ಕೆಳಗೆ ತೂಗಬೇಕು.

ನಾಲ್ಕನೇ ಮನೆಯ ಬಾಗಿಲಲ್ಲೇ ಅಜ್ಜಿಯ ದೊಡ್ಡ ಮಗ ತಡೆದರು. ‘ಅಮ್ಮ ಎರಡು ದಿನದಿಂದ ಏನೂ ತಗೊಂಡಿಲ್ಲ. ಒಂದು ಬಾಟ್ಲಿ ಗ್ಲೂಕೋಸ್ ಆದ್ರೂ ಹಾಕ್ಸಿ ಡಾಕ್ಟ್ರೇ, ಹಸಿದುಕೊಂಡು ಹೋದ್ರು ಅನ್ನೋ ಮಾತು ಬೇಡ.’ ಈ ಮಾತನ್ನು ಲಘುವಾಗಿ ತೆಗೆದುಕೊಳ್ಳಬಾರದು, ಅದರ ಹಿಂದೆ ಊರಿನ ಕಣ್ಣಿದೆ, ಮಗನ ಋಣವಿದೆ. ಡಾಕ್ಟರು ಜಗಲಿಯಲ್ಲಿ ಕೂತು ವಿವರಿಸಿದರು. 5 ಪರ್ಸೆಂಟಿನ ಅರ್ಧ ಲೀಟರ್ ಬಾಟಲಿಯಲ್ಲಿರುವ ಸಕ್ಕರೆ 25 ಗ್ರಾಂ, ಐದಾರು ಚಮಚ. ನಿಲ್ಲುತ್ತಿರುವ ದೇಹ ಆ ನೀರನ್ನು ಬಳಸಲಾರದು. ಕಾಲಿಗೆ ಬಾವು, ಎದೆಯಲ್ಲಿ ಗೊರಗೊರ ಹೆಚ್ಚುತ್ತದೆ. ಆಗಲೇ ಆ ಸದ್ದು ಸಣ್ಣಗೆ ಶುರುವಾಗಿತ್ತು. ಅಜ್ಜಿಯನ್ನು ಮಗ್ಗುಲಿಗೆ ತಿರುಗಿಸಿದರೆ ಅರ್ಧ ಇಳಿಯಿತು. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ ನಿಲ್ಲಿಸಿದರು. ಬಂದ ನೆಂಟರೆಲ್ಲ ಚಮಚದಲ್ಲಿ ಗಂಗಾಜಲ ಬಿಡುತ್ತಿದ್ದರು. ನುಂಗಲಾಗದ ಬಾಯಿಗೆ ಅದು ಉಸಿರು ಕಟ್ಟಿಸುತ್ತದೆ. ಅದೇ ನೀರಲ್ಲಿ ಹತ್ತಿ ಅದ್ದಿ ತುಟಿಗೆ, ನಾಲಿಗೆಗೆ ಸವರಿದರೆ ಆಚಾರವೂ ಉಳಿಯುತ್ತದೆ, ಒಣಗಿದ ಬಾಯಿಗೂ ಹಿತ.

ಆಮೇಲಿನ ಮಾತು ರಾತ್ರಿಯದು. ಕೈಕಾಲು ತಣ್ಣಗಾಗಿ, ಉಸಿರು ನಿಂತು ನಿಂತು ಬರುವಾಗ ಗಾಬರಿಗೆ 108ಕ್ಕೆ ಫೋನ್ ಮಾಡಿ, ಐಸಿಯು ಸೇರಿಸಿ, ಸಾಲದ ಜೊತೆ ಹೆಣ ತಂದ ಮನೆಗಳನ್ನು ಕಂಡಿದ್ದೇವೆ. ಮನೆಯಲ್ಲೇ ಇರಲಿ ಎಂಬುದಾದರೆ ಹಗಲಲ್ಲೇ ಎಲ್ಲರೂ ಕೂತು ತೀರ್ಮಾನಿಸಬೇಕು. ಮನೆಯಲ್ಲಿ ತೀರಿಕೊಂಡರೆ ನೋಡುತ್ತಿದ್ದ ಡಾಕ್ಟರು ಸಾವಿನ ಕಾರಣ ಬರೆಯುವ ನಮೂನೆ 4ಎ ತುಂಬಿ ಕೊಡುತ್ತಾರೆ, 21 ದಿನದೊಳಗೆ ಸಾವಿನ ನೋಂದಣಿಯಾಗಬೇಕು. ಅದನ್ನು ಮಗನ ಕೈಗೆ ಬರೆದುಕೊಟ್ಟೆವು.

ಕೊನೆಯ ಮನೆಯಲ್ಲಿ ರೋಗಿಯಿಲ್ಲ. ತಾತ ಹೋಗಿ ಹದಿನಾಲ್ಕು ದಿನವಾಗಿತ್ತು, ಕಾರ್ಯ ಮುಗಿದಿತ್ತು. ಇಂಥ ಭೇಟಿಗೆ ಹಣ ಕೊಡಿ ಅಂದರೆ ಕೊಡುವವರು ಕಡಿಮೆ. ಯಂತ್ರ ಕೊಡುವವರು ಸಿಗುತ್ತಾರೆ, ಡೀಸೆಲ್ಲಿಗೂ ಸಿಸ್ಟರ ಸಂಬಳಕ್ಕೂ ಸಿಗುವುದಿಲ್ಲ. ಆರು ತಿಂಗಳು ರಾತ್ರಿ ಎರಡೆರಡು ಗಂಟೆಗೆ ಎದ್ದು ಮಗ್ಗುಲು ಬದಲಿಸಿದ ಸೊಸೆಗೆ ಈಗಲೂ ಆ ಹೊತ್ತಿಗೇ ಎಚ್ಚರವಾಗುತ್ತದಂತೆ. ಸಮಾಲೋಚಕಿ ಅವರ ಪಕ್ಕ ಕೂತು ಒಂದು ಗಂಟೆ ಕೇಳಿಸಿಕೊಂಡರು.

ಉಳಿದ ಮಾರ್ಫಿನ್ 17 ಮಾತ್ರೆ ಎಣಿಸಿ, ಇಬ್ಬರ ಸಹಿ ಹಾಕಿಸಿ ವಾಪಸ್ ಪಡೆದೆವು. ಮಲಗಿದಲ್ಲೇ ಹುಣ್ಣಾಗದಿರಲೆಂದು ನಾವು ಕೊಟ್ಟಿದ್ದ ಏರ್‌ಬೆಡ್ಡನ್ನು ಸೊಸೆ ಆಗಲೇ ಸೋಪಿನ ನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿದ್ದರು. ‘ಇದರ ಮೇಲೆ ದಪ್ಪ ದುಪ್ಪಟಿ ಹಾಸ್ಬಾರ್ದು ಅಂತ ಮುಂದಿನೋರಿಗೆ ಹೇಳಿ, ನಾವು ಮೊದಲು ಹಾಸ್ಬಿಟ್ಟಿದ್ವಿ’ ಅಂದರು. ಗುರುವಾರ ಅದನ್ನು ಇನ್ನೊಂದು ಮನೆಯಲ್ಲಿ ಹಾಸಬೇಕು. ತೆಳು ಹೊದಿಕೆ ಒಂದೇ, ಪಂಪ್ ಮಂಚದ ಕಾಲಿನ ಕಡೆ ತೂಗಿ, ಒತ್ತಡದ ಗುಂಡಿ ರೋಗಿಯ ತೂಕಕ್ಕೆ ತಿರುಗಿಸಿ, ಸೊಂಟದ ಕೆಳಗೆ ಅಂಗೈ ತೂರಿಸಿ ಒಂದು ಇಂಚು ಗಾಳಿ ಉಳಿದಿದೆಯಾ ನೋಡಬೇಕು. ಮೂಲೆಯಲ್ಲೊಂದು ಸಣ್ಣ ತೂತಿತ್ತು. ಡ್ರೈವರ್ ಅಂಗಳದಲ್ಲೇ ಕೂತು ಅದಕ್ಕೆ ಪ್ಯಾಚ್ ಹಾಕಿದರು.