ಗಟ್ಟಿ ಸ್ವಿಚ್ ಕೊಳ್ಳುವ ಮೊದಲು ಕನ್ನಡದಲ್ಲೇ ಟೈಪ್ ಮಾಡಿ ನೋಡಿ

ಮೆಕ್ಯಾನಿಕಲ್ ಕೀಬೋರ್ಡ್‌ನಲ್ಲಿ ಪ್ರತಿ ಕೀಯ ಕೆಳಗೂ ಸ್ಪ್ರಿಂಗ್ ಇರುವ ಒಂದು ಪುಟ್ಟ ಸ್ವಿಚ್ ಇರುತ್ತದೆ. ಅದಕ್ಕೆ ಸ್ವಲ್ಪ ಗಟ್ಟಿ, ಅಂದರೆ ಒತ್ತಲು ಹೆಚ್ಚು ಬಲ ಬೇಕಾಗುವ, ಸ್ವಿಚ್ ಹಾಕಬೇಕು ಅಂತ ಇದ್ದೀರಾ? ಡಬ್ಬದ ಮೇಲಿನ ನಂಬರ್ ನೋಡಿ ತೆಗೆದುಕೊಳ್ಳಬೇಡಿ. ಅಂಗಡಿಯಲ್ಲಿ ಒಂದು ಕೀ ಒತ್ತಿ, ಚೆನ್ನಾಗಿದೆ ಅನ್ನಿಸಿತು ಅಂತಲೂ ತೆಗೆದುಕೊಳ್ಳಬೇಡಿ. ಮೊದಲು ಹತ್ತೇ ಹತ್ತು ಸ್ವಿಚ್ ತರಿಸಿ. ನಿಮ್ಮದೇ ಕೀಬೋರ್ಡ್‌ಗೆ ಹಾಕಿ, ದಿನಾ ಬರೆಯುವ ಭಾಷೆಯಲ್ಲೇ ಒಂದಷ್ಟು ಪುಟ ಟೈಪ್ ಮಾಡಿ.

ನನ್ನದು ಬದಿಯಡ್ಕದ ಹತ್ತಿರ ಡಿಟಿಪಿ ಕೆಲಸ. ಮದುವೆ ಕಾಗದ, ಬ್ರಹ್ಮಕಲಶದ ಆಮಂತ್ರಣ, ಶಾಲೆಯ ಸ್ಮರಣ ಸಂಚಿಕೆ, ಅರ್ಜಿಗಳು. ಕಾಸರಗೋಡು ಜಿಲ್ಲೆ ಅಂದ ಮೇಲೆ ಕನ್ನಡವೂ ಬೇಕು, ಮಲಯಾಳವೂ ಬೇಕು. ಎರಡಕ್ಕೂ ನಾನು ಬಳಸುವುದು ಇನ್‌ಸ್ಕ್ರಿಪ್ಟ್, ಭಾರತೀಯ ಭಾಷೆಗಳಿಗೆ ಒಂದೇ ಥರ ಇರುವ ಕೀ ಜೋಡಣೆ. ಕನ್ನಡದ ಕ ಯಾವ ಕೀಯಲ್ಲಿದೆಯೋ ಮಲಯಾಳದ ಕ ಕೂಡ ಅದೇ ಕೀಯಲ್ಲಿದೆ, ಹಾಗಾಗಿ ಒಂದು ಕಲಿತರೆ ಇನ್ನೊಂದಕ್ಕೆ ಬೆರಳು ತಾನಾಗಿ ಹೋಗುತ್ತದೆ. ಇದು ನಮ್ಮಂಥ ಎರಡು ಭಾಷೆಯ ಊರಿನವರಿಗೆ ದೊಡ್ಡ ಉಪಕಾರ.

ಗಟ್ಟಿ ಸ್ವಿಚ್ ಯಾಕೆ ಬೇಕಾಯಿತು ಅಂದರೆ, ಕೀಬೋರ್ಡ್ ಜೊತೆ ಬಂದದ್ದು ಕೆಂಪು ಸ್ವಿಚ್ (ಸ್ವಿಚ್‌ನ ಬಗೆಯನ್ನು ಬಣ್ಣದಿಂದ ಹೇಳುತ್ತಾರೆ). ತುಂಬಾ ಹಗುರ. ಇನ್‌ಸ್ಕ್ರಿಪ್ಟ್‌ನಲ್ಲಿ ಒತ್ತಕ್ಷರ ಮಾಡುವ ಚಿಹ್ನೆ ಡಿ ಕೀಯಲ್ಲಿದೆ, ಎಡಗೈಯ ನಡುಬೆರಳು ಸುಮ್ನೆ ಕೂತಿರುವ ಜಾಗವೂ ಅದೇ. ಯೋಚಿಸುತ್ತಾ ಬೆರಳು ಸ್ವಲ್ಪ ಭಾರ ಬಿಟ್ಟರೆ ಸಾಕು, ಚಿಹ್ನೆ ಬಿದ್ದುಬಿಡುತ್ತದೆ. ಮರ ಅಂತ ಇರಬೇಕಾದ್ದು ಮ್ರ ಆಗುತ್ತದೆ. ಇಂಗ್ಲಿಷ್‌ನಲ್ಲಿ ಒಂದು ಅಕ್ಷರ ಹೆಚ್ಚು ಬಿದ್ದರೆ ಅದು ಬೇರೆಯಾಗಿ ಎದ್ದು ಕಾಣುತ್ತದೆ. ಕನ್ನಡದಲ್ಲಿ ಹಾಗಲ್ಲ, ಎರಡು ಅಕ್ಷರ ಕೂಡಿ ಒಂದಾಗಿ ಕೂತುಬಿಡುತ್ತವೆ, ಸಣ್ಣ ಅಕ್ಷರದಲ್ಲಿ ಕಣ್ಣಿಗೆ ಬೀಳುವುದೇ ಇಲ್ಲ. ಮದುವೆ ಕಾಗದದಲ್ಲಿ ಇರುವುದೆಲ್ಲ ಮನೆತನದ ಹೆಸರು, ಊರಿನ ಹೆಸರು. ಅದನ್ನು ಯಾವ ಸ್ಪೆಲ್ ಚೆಕ್ ಕಾಯುತ್ತದೆ ಹೇಳಿ?

ಈಗ ನಂಬರ್ ವಿಷಯ. ಚೆರ್ರಿ ಕಂಪನಿಯ ಕೆಂಪು ಸ್ವಿಚ್ 45 ಸೆಂಟಿನ್ಯೂಟನ್, ಕಪ್ಪು 60, ಹಸಿರು 80. ಒಂದು ಸೆಂಟಿನ್ಯೂಟನ್ ಅಂದರೆ ಹೆಚ್ಚು ಕಡಿಮೆ ಒಂದು ಗ್ರಾಂ ಭಾರ ಅಂದುಕೊಳ್ಳಿ. ಆದರೆ ಇದು ಕೀ ತಳ ಮುಟ್ಟುವಾಗಿನ ಬಲ ಅಲ್ಲ, ಅಕ್ಷರ ಬೀಳುವಾಗಿನ ಬಲ. ಕೀ ಒಟ್ಟು 4 ಮಿಲಿಮೀಟರ್ ಇಳಿಯುತ್ತದೆ, ಅಕ್ಷರ ಬೀಳುವುದು ಸುಮಾರು 2 ಮಿಲಿಮೀಟರ್‌ನಲ್ಲಿ. ಅಲ್ಲಿಂದ ಕೆಳಗೆ ಸ್ಪ್ರಿಂಗ್ ಇನ್ನೂ ಬಿಗಿಯಾಗುತ್ತಾ ಹೋಗುತ್ತದೆ. ಕೆಲವರು ತಳ ಮುಟ್ಟುವ ಬಲವನ್ನೇ ನಂಬರ್ ಆಗಿ ಬರೆಯುತ್ತಾರೆ, ಜೀಲಿಯೋಸ್ ಸ್ವಿಚ್‌ನ 62, 65, 67, 78 ಎಲ್ಲವೂ ಅಂಥವೇ. ಅದನ್ನು ಚೆರ್ರಿ ಕಪ್ಪಿನ 60ರ ಪಕ್ಕ ಇಟ್ಟು ಇದೇ ಜಾಸ್ತಿ ಗಟ್ಟಿ ಅಂದರೆ ಲೆಕ್ಕವೇ ತಪ್ಪುತ್ತದೆ.

ಅಂದಾಜು ಬೇಕಾದರೆ ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ನನಗೆ ಇದು ತುಂಬಾ ಇಷ್ಟ. ಹತ್ತು ರೂಪಾಯಿ ನಾಣ್ಯದ ತೂಕ ಸುಮಾರು 7.7 ಗ್ರಾಂ. ಆರು ನಾಣ್ಯ ಅಂದರೆ 46 ಗ್ರಾಂ, ಕೆಂಪು ಸ್ವಿಚ್‌ನ ಬಲಕ್ಕೆ ಸರಿಸುಮಾರು ಸಮ. ಎಂಟು ಅಂದರೆ 62 ಗ್ರಾಂ ಹತ್ತಿರ, ಕಪ್ಪಿಗೆ ಸಮ. ಅಕ್ಕಪಕ್ಕದ ಕೀಕ್ಯಾಪ್ ತೆಗೆದಿಡಿ, ನಾಣ್ಯ ಕೀಗಿಂತ ಅಗಲ ಇರುವುದರಿಂದ ತಾಗುತ್ತದೆ. ಆಮೇಲೆ ಒಂದೊಂದಾಗಿ ಮೆಲ್ಲ ಪೇರಿಸುತ್ತಾ ಹೋಗಿ, ಯಾವಾಗ ಪರದೆಯಲ್ಲಿ ಅಕ್ಷರ ಬಿತ್ತು ನೋಡಿ. ಒಂದೇ ಡಬ್ಬದ ಎರಡು ಸ್ವಿಚ್‌ಗೂ ಒಂದು ನಾಣ್ಯದ ವ್ಯತ್ಯಾಸ ಬರಬಹುದು, ಕಂಪನಿಗಳೇ ಅಷ್ಟು ಹೆಚ್ಚುಕಡಿಮೆ ಇಟ್ಟುಕೊಂಡಿರುತ್ತವೆ.

ಇನ್ನು ಸ್ವಿಚ್ ಟೆಸ್ಟರ್. ಸಣ್ಣ ಹಲಗೆಯ ಮೇಲೆ ಒಂಬತ್ತೋ ಹನ್ನೆರಡೋ ಬೇರೆ ಬೇರೆ ಸ್ವಿಚ್ ಕೂರಿಸಿರುತ್ತಾರೆ. ಬಣ್ಣ, ಸದ್ದು, ನಡುವೆ ತಡೆ ಇದೆಯೋ ಇಲ್ಲವೋ ತಿಳಿಯಲು ಒಳ್ಳೆಯದು. ಭಾರ ತಿಳಿಯಲು ಅದು ಸಾಲುವುದಿಲ್ಲ. ಅದರಲ್ಲಿ ಸರ್ಕ್ಯೂಟ್ ಇರುವುದಿಲ್ಲ, ಅಕ್ಷರ ಎಲ್ಲಿ ಬೀಳುತ್ತದೆ ಅಂತ ಗೊತ್ತಾಗುವುದಿಲ್ಲ. ಮತ್ತೆ ನಾವೆಲ್ಲ ಅದನ್ನು ಒತ್ತುವುದು ತೋರುಬೆರಳಿನಲ್ಲಿ. ತೋರುಬೆರಳಿಗೆ 80 ಕೂಡ ಏನೂ ಅಲ್ಲ. ಕುಂಬಳೆಯ ಗೆಳೆಯನೊಬ್ಬ ಬೆಂಗಳೂರಿನಿಂದ ತಂದ ಟೆಸ್ಟರ್‌ನಲ್ಲಿ ಹಸಿರು ಒತ್ತಿ ನೋಡಿ ನಾನು "ಇದೇ ಆದೀತು" ಅಂದೆ. ಅವನು "ಕಿರುಬೆರಳಲ್ಲಿ ಒತ್ತಿ ನೋಡು ಮಾರಾಯ, ಮತ್ತೆ ಹೇಳು" ಅಂದ. ಕಿರುಬೆರಳು ಬೇರೆಯೇ ಉತ್ತರ ಕೊಟ್ಟಿತು.

ಹಾಗಾಗಿ ಹತ್ತು ಸ್ವಿಚ್‌ನ ಪೊಟ್ಟಣ. ಹಾಟ್‌ಸ್ವಾಪ್, ಅಂದರೆ ಸ್ವಿಚ್ ಕಿತ್ತು ಬದಲಿಸಬಹುದಾದ, ಕೀಬೋರ್ಡ್ ಆದರೆ ಬೆಸುಗೆ ಬೇಡ, ಇಕ್ಕಳದಲ್ಲಿ ಹಳೆಯದನ್ನು ಎಳೆದು ಹೊಸದನ್ನು ನೇರವಾಗಿ ಒತ್ತಿದರೆ ಆಯಿತು. ಸ್ವಿಚ್‌ನ ಅಡಿಯ ಲೋಹದ ಕಾಲು ಬಾಗದ ಹಾಗೆ ನೋಡಿಕೊಳ್ಳಿ. ಐದು ಕಾಲಿನ ಸ್ವಿಚ್ ಮೂರು ಕಾಲಿನ ಬೋರ್ಡ್‌ಗೆ ಕೂರದಿದ್ದರೆ ಎರಡು ಪ್ಲಾಸ್ಟಿಕ್ ಕಾಲನ್ನು ನೇಲ್ ಕಟರ್‌ನಲ್ಲಿ ಕತ್ತರಿಸಬಹುದು. ಮಂಗಳೂರಿಗೆ ರೈಲು ಹತ್ತಿ ಹೋದರೂ ನಾನು ನೋಡಿದ ಅಂಗಡಿಗಳಲ್ಲಿ ಡಬ್ಬ ಬಿಚ್ಚಿ ಟೈಪ್ ಮಾಡಲು ಬಿಡುವುದಿಲ್ಲ, ಆದ್ದರಿಂದ ನಮ್ಮ ಕಡೆಯವರಿಗೆ ಇದೇ ದಾರಿ.

ಹತ್ತನ್ನು ಎಲ್ಲಿ ಹಾಕುವುದು ಅನ್ನುವುದೇ ಮುಖ್ಯ. ಇಂಗ್ಲಿಷ್‌ನವರು ಬರೆದ ಸಲಹೆ ಇಲ್ಲಿ ನಮಗೆ ಹೊಂದುವುದಿಲ್ಲ. ಇಂಗ್ಲಿಷ್‌ನಲ್ಲಿ ಝಡ್ ಅಪರೂಪದ ಅಕ್ಷರ. ಕನ್ನಡ ಇನ್‌ಸ್ಕ್ರಿಪ್ಟ್‌ನಲ್ಲಿ ಅದೇ ಕೀ ಎತ್ವ. ಇದೆ, ಮನೆಗೆ, ಮೇಲೆ, ಹೇಳಿದೆ, ಎಲ್ಲದರ ಕೊನೆಗೂ ಎತ್ವ. ಮನೆಗೆ ಅಂತ ಒಂದು ಪದ ಬರೆದರೆ ಎಡ ಕಿರುಬೆರಳು ಎರಡು ಸಲ ಕೆಳಗಿಳಿದು ಝಡ್ ಒತ್ತಬೇಕು. ಬಲ ಕಿರುಬೆರಳಿಗೆ ಚ, ಟ, ಡ, ಯ. ಅದರ ಮೇಲೆ ಶಿಫ್ಟ್: ಅ, ಇ, ಎ, ಳ, ಣ, ಶ ಎಲ್ಲ ಶಿಫ್ಟ್ ಹಿಡಿದೇ ಬರಬೇಕು. ಕನ್ನಡದಲ್ಲಿ ಳ ಇಲ್ಲದ ವಾಕ್ಯ ಎಷ್ಟಿವೆ? ಕೈಯಲ್ಲಿ ಅತ್ಯಂತ ಬಡಪಾಯಿ ಬೆರಳಿಗೇ ಇಷ್ಟು ಕೆಲಸ. ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ ಪರೀಕ್ಷೆ ಮಾಡಿದರೆ ಈ ಸುಸ್ತು ಗೊತ್ತೇ ಆಗುವುದಿಲ್ಲ.

ನಾನು ತರಿಸಿದ್ದು ಕಪ್ಪು. ಝಡ್, ಡಿ, ಎಫ್, ಜಿ, ಎಡ ಬಲ ಶಿಫ್ಟ್, ಸ್ಲ್ಯಾಷ್, ಮತ್ತೆ ಕ, ತ, ನ ಕೀಗಳಿಗೆ ಹಾಕಿದೆ. ಮೊದಲ ಪುಟದಲ್ಲಿ ಎಲ್ಲವೂ ಹಿತ. ಡಿ ಕೀ ಅಂತೂ ಬೇಡದ್ದಕ್ಕೆ ಒತ್ತಿಹೋಗುವುದು ನಿಂತೇಹೋಯಿತು, ಬೆರಳು ಅದರ ಮೇಲೆ ನಿಶ್ಚಿಂತೆಯಿಂದ ಕೂರುತ್ತದೆ. ಒತ್ತಕ್ಷರ ಬರೆಯುವಾಗ ಕೀ ತಿರುಗಿ ಮೇಲೆ ಬರುವ ರಭಸವೂ ಚಂದ, ಲ್ಲ, ನ್ನ, ತ್ತ ಬರೆಯುವ ಕೈಗೆ ಒಂದು ತಾಳ ಸಿಗುತ್ತದೆ. ದೇವಸ್ಥಾನದ ಒಂದು ಉದ್ದದ ವರದಿ ಟೈಪ್ ಮಾಡುತ್ತಾ ಕೂತಾಗ ಮಾತ್ರ ಎಡ ಕಿರುಬೆರಳು ಎತ್ವ ಬಿಡತೊಡಗಿತು. ಇದೆ ಬದಲು ಇದ. ಬೆರಳು ಹೋಗಿದೆ, ಕೀ ಪೂರ್ತಿ ಇಳಿದಿಲ್ಲ. ಇದು ತಿಳಿಯಬೇಕಾದರೆ ಅಷ್ಟು ಹೊತ್ತು ಕೂರಲೇಬೇಕು.

ಕೊನೆಗೆ ಮಿಶ್ರ ಮಾಡಿದೆ. ಇದೇನೂ ಹೊಸ ಉಪಾಯ ಅಲ್ಲ, ಜಪಾನಿನ ರಿಯಲ್‌ಫೋರ್ಸ್ ಕೀಬೋರ್ಡ್‌ಗಳಲ್ಲಿ ಬೆರಳಿಗೆ ತಕ್ಕಂತೆ ಭಾರ ಬೇರೆ ಇರುವ ಮಾದರಿ ಇದೆ, ಕಿರುಬೆರಳಿಗೆ 30 ಗ್ರಾಂ. ನಾನು ತೋರುಬೆರಳು, ನಡುಬೆರಳು, ಉಂಗುರಬೆರಳಿಗೆ ಕಪ್ಪು ಇಟ್ಟು, ಕಿರುಬೆರಳಿನ ಕೀಗಳಿಗೆಲ್ಲ ಹಳೆಯ ಕೆಂಪನ್ನೇ ಉಳಿಸಿಕೊಂಡೆ. ಎರಡೂ ತಡೆಯಿಲ್ಲದೆ ಸಲೀಸಾಗಿ ಇಳಿಯುವ ಜಾತಿ, ವ್ಯತ್ಯಾಸ ಇರುವುದು ಸ್ಪ್ರಿಂಗ್‌ನಲ್ಲಿ, ಹಾಗಾಗಿ ಕೈಗೆ ಬೇರೆ ಬೇರೆ ಕೀಬೋರ್ಡ್ ಅನ್ನಿಸುವುದಿಲ್ಲ. ಮಲಯಾಳಕ್ಕೂ ಇದೇ ಜೋಡಣೆ ಸರಿಹೋಯಿತು.

ಶಿಫ್ಟ್ ಮಾತ್ರ ಇನ್ನೂ ತೀರ್ಮಾನ ಆಗಿಲ್ಲ. ಕೆಂಪು ಇದ್ದರೆ ಹಿಡಿದುಕೊಳ್ಳಲು ಸುಲಭ, ಆದರೆ ಒತ್ತಿದೆನೋ ಇಲ್ಲವೋ ಬೆರಳಿಗೆ ಗೊತ್ತಾಗುವುದಿಲ್ಲ, ಳ ಹೋಗಿ ಲ ಬೀಳುತ್ತದೆ. ಸದ್ಯ ಎಡಕ್ಕೆ ನಡುವೆ ತಡೆ ಇರುವ ಕಂದು, ಬಲಕ್ಕೆ ಕೆಂಪು ಹಾಕಿದ್ದೇನೆ. ಮುಂದಿನ ಸ್ಮರಣ ಸಂಚಿಕೆಯ ಕೆಲಸ ಇದರಲ್ಲೇ ಮಾಡಿ ನೋಡುತ್ತೇನೆ. ಬದಿಯಡ್ಕ, ಪೆರ್ಲ, ನೀರ್ಚಾಲು ಕಡೆಯವರು ಯಾರಾದರೂ ಗಟ್ಟಿ ಸ್ವಿಚ್ ಒತ್ತಿ ನೋಡಬೇಕು ಅಂತಿದ್ದರೆ ಬನ್ನಿ, ಟೈಪ್ ಮಾಡಲು ನಿಮ್ಮದೇ ಎರಡು ಪುಟ ಬರಹ ತನ್ನಿ.